ಚಿಟ್ಟೆಗೊಂದು, ಇರುವೆಗೊಂದು: ಕೀಟಗಳ ಸಮೀಪ ಛಾಯಾಗ್ರಹಣಕ್ಕೆ ಸಲಕರಣೆ ಆರಿಸುವ ಬಗೆ

ಮಳೆ ಹಿಂದೆಗೆದು ಬಿಸಿಲು ಮರಳುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಹಳ್ಳದ ದಂಡೆಗಳಲ್ಲಿ, ಬೆಂಗಳೂರಿನ ದೊರೆಸಾನಿಪಾಳ್ಯದಂಥ ಊರ ನಡುವಿನ ಕಾಡಿನಲ್ಲಿ, ಮನೆಯ ಬೇಲಿಯ ಲಂಟಾನ ಪೊದೆಯಲ್ಲಿ ಕೂಡ ಚಿಟ್ಟೆಗಳು ಕಣ್ತುಂಬ ಕಾಣಸಿಗುತ್ತವೆ. ಕೀಟಗಳನ್ನು ಹತ್ತಿರದಿಂದ ತೆಗೆಯಲು ಯಾವ ಲೆನ್ಸ್ ಕೊಳ್ಳಬೇಕು ಎಂದು ಹೊಸದಾಗಿ ಕ್ಯಾಮೆರಾ ಹಿಡಿದವರು ಹೆಚ್ಚಾಗಿ ಕೇಳುವುದೂ ಅದೇ ದಿನಗಳಲ್ಲಿ. ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವೆಲ್ಲ ವರ್ಧನೆಯ ಸುತ್ತಲೇ ತಿರುಗುತ್ತದೆ: ಇದು 1:1, ಅದು 2:1, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬಂತೆ. ಹಲವು ವರ್ಷ ಬೇರೆ ಬೇರೆ ಸಲಕರಣೆಗಳನ್ನು ಹೆಗಲಿಗೇರಿಸಿಕೊಂಡು ಅಲೆದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು. ವರ್ಧನೆಯನ್ನು ಕೇಳುವ ಮೊದಲು, ನಾವು ತೆಗೆಯಬೇಕೆಂದಿರುವ ಜೀವಿ ಎಷ್ಟು ದೊಡ್ಡದು, ಅದು ನಮ್ಮನ್ನು ಎಷ್ಟು ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಆಮೇಲೆ ಲೆನ್ಸಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಮೊದಲು ಗಾತ್ರದ ಲೆಕ್ಕವನ್ನು ನೋಡೋಣ. 1:1 ವರ್ಧನೆ ಎಂದರೆ ಕೀಟ ನಿಜವಾಗಿ ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡ ಬಿಂಬ ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರವನ್ನು ಗ್ರಹಿಸುವ ಫಲಕ) ಮೇಲೆ ಬೀಳುವುದು. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಆಗಿರುವುದರಿಂದ 1:1ರಲ್ಲಿ 36 ಮಿ.ಮೀ. ಅಗಲದ ವಸ್ತು ಚೌಕಟ್ಟನ್ನು ತುಂಬಿಬಿಡುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ರೆಕ್ಕೆಯ ಹರವು 140ರಿಂದ 190 ಮಿ.ಮೀ.; ರೆಕ್ಕೆ ಬಿಚ್ಚಿದ ಅದರ ಪೂರ್ಣ ಚಿತ್ರಕ್ಕೆ 1:1ರ ಐದನೇ ಒಂದು ಭಾಗದಷ್ಟು ವರ್ಧನೆಯೇ ಸಾಕು. ಹಿತ್ತಲಿನ ಕರಿಬೇವಿನ ಗಿಡಕ್ಕೆ ಮೊಟ್ಟೆಯಿಡಲು ಬರುವ ಕಾಮನ್ ಮಾರ್ಮನ್ ಚಿಟ್ಟೆಗೆ ಮೂರನೇ ಒಂದು ಭಾಗ ಸಾಕಾಗುತ್ತದೆ. ಹುಲ್ಲಿನ ನಡುವೆ ನೆಲಕ್ಕಂಟಿದಂತೆ ಹಾರಾಡುವ ಗ್ರಾಸ್ ಜ್ಯುವೆಲ್‌ನ ಹರವು 15ರಿಂದ 22 ಮಿ.ಮೀ. ಮಾತ್ರ, ರೆಕ್ಕೆ ಮಡಚಿ ಕುಳಿತಾಗಲಂತೂ ಅದು ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾಗಿ ಕಾಣುತ್ತದೆ. 1:1 ನಿಜವಾಗಿ ಬೇಕಾಗುವುದು ಇಂಥವಕ್ಕೆ. ಇನ್ನು ಗೋಡೆಯ ಸಂದಿನಲ್ಲಿ ಗೂಡು ಕಟ್ಟುವ ಮುಜಂಟಿ ಜೇನು ಸುಮಾರು 4 ಮಿ.ಮೀ. ಉದ್ದವಿರುತ್ತದೆ, 1:1ರಲ್ಲಿಯೂ ಅದು ಚೌಕಟ್ಟಿನ ಒಂಬತ್ತನೇ ಒಂದು ಭಾಗವನ್ನಷ್ಟೇ ತುಂಬುತ್ತದೆ. ಅಂದರೆ ನಮ್ಮ ಹೆಚ್ಚಿನ ಚಿಟ್ಟೆಗಳಿಗೆ ಮ್ಯಾಕ್ರೋ ಲೆನ್ಸಿನ ಪೂರ್ಣ ವರ್ಧನೆ ಬೇಕಾಗುವುದೇ ಇಲ್ಲ, ಇರುವೆ, ಜೇನು, ಚಿಗಟೆಯಂಥ ಚಿಕ್ಕ ಜೀವಿಗಳಿಗೆ ಅದು ಸಾಲುವುದಿಲ್ಲ.

ಎರಡನೆಯದು ಅಂತರ. ಲೆನ್ಸಿನ ಮುಂತುದಿಗೂ ಕೀಟಕ್ಕೂ ನಡುವೆ ಉಳಿಯುವ ಜಾಗವನ್ನು ಛಾಯಾಗ್ರಾಹಕರು ವರ್ಕಿಂಗ್ ಡಿಸ್ಟೆನ್ಸ್ ಎನ್ನುತ್ತಾರೆ. ಲೆನ್ಸಿನ ವಿವರಪಟ್ಟಿಯಲ್ಲಿ ಅಚ್ಚಾಗುವ ಕನಿಷ್ಠ ಫೋಕಸ್ ದೂರವನ್ನು ಸೆನ್ಸರಿನಿಂದ ಅಳೆದಿರುತ್ತಾರೆ. ಅದರಲ್ಲಿ ಕ್ಯಾಮೆರಾದ ದಪ್ಪ, ಲೆನ್ಸಿನ ಉದ್ದ ಎರಡನ್ನೂ ಕಳೆದು ಉಳಿದದ್ದಷ್ಟೇ ನಮಗೂ ಕೀಟಕ್ಕೂ ನಡುವಿನ ನಿಜವಾದ ಜಾಗ. ಹೂವಿನಿಂದ ಹೂವಿಗೆ ಹಾರುವ ಚಿಟ್ಟೆ ಆಕಾರಕ್ಕಿಂತ ಚಲನೆಯನ್ನು ಬೇಗ ಗುರುತಿಸುತ್ತದೆ, ಮೈಮೇಲೆ ಹಠಾತ್ತಾಗಿ ನೆರಳು ಬಿದ್ದರೆ ಆ ಕ್ಷಣವೇ ಏಳುತ್ತದೆ. ಅದೇ ಚಿಟ್ಟೆ ಒದ್ದೆ ಮರಳಿನ ಮೇಲೆ ಕುಳಿತು ಲವಣಾಂಶವನ್ನು ಹೀರುವಾಗ, ಅಥವಾ ಬ್ಲೂ ಟೈಗರ್, ಕಾಮನ್ ಕ್ರೋ ಜಾತಿಯ ಗಂಡುಗಳು ಗಿಲಿಗಿಚ್ಚಿ ಗಿಡದ ಒಣಗಿದ ಭಾಗಗಳಿಗೆ ಮುತ್ತಿಕೊಂಡಾಗ, ತೆವಳಿಕೊಂಡು ಹೋದವರನ್ನು ಒಂದು ಮೊಳದ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಅಂತರವೆಂಬುದು ಜೀವಿಯ ಸ್ವಭಾವವನ್ನು ಮಾತ್ರ ಅವಲಂಬಿಸಿಲ್ಲ, ಅದು ಆ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದನ್ನೂ ಅವಲಂಬಿಸಿದೆ.

ಮ್ಯಾಕ್ರೋ ಲೆನ್ಸ್‌ಗಳಲ್ಲಿ ಯಾವುದು

ಮ್ಯಾಕ್ರೋ ಎಂದೇ ತಯಾರಾದ ಲೆನ್ಸ್‌ಗಳನ್ನು (ನಿಕಾನ್ ಕಂಪನಿ ಇವನ್ನು ಮೈಕ್ರೋ ಎಂದು ಕರೆಯುತ್ತದೆ) ಸಂಗಮದೂರದ (ಫೋಕಲ್ ಲೆಂಗ್ತ್, ಲೆನ್ಸಿನ ಹೆಸರಿನಲ್ಲಿ ಬರುವ ಮಿ.ಮೀ. ಸಂಖ್ಯೆ) ಆಧಾರದ ಮೇಲೆ ಮೂರು ಗುಂಪಾಗಿ ನೋಡಬಹುದು. 60 ಮಿ.ಮೀ. ಆಸುಪಾಸಿನವು ಹಗುರವಾಗಿವೆ, ಬೆಲೆಯೂ ಕಡಿಮೆ. ಆದರೆ 1:1ರಲ್ಲಿ ಕೀಟಕ್ಕೂ ಲೆನ್ಸಿಗೂ ನಡುವೆ 5ರಿಂದ 10 ಸೆಂ.ಮೀ. ಮಾತ್ರ ಉಳಿಯುವುದರಿಂದ ಲೆನ್ಸಿನ ನೆರಳೇ ಕೀಟದ ಮೇಲೆ ಬೀಳುತ್ತದೆ. ಮೊಟ್ಟೆ, ಕೋಶ, ಎಲೆ ಮೇಯುವ ಕಂಬಳಿಹುಳುಗಳಂಥ ಕದಲದ ವಸ್ತುಗಳಿಗೆ ಇದು ಸಾಕು. ಚಿಟ್ಟೆಗಾಗಿ ಇದನ್ನು ಕೊಂಡವರು ಬಹುಪಾಲು ಒಂದೆರಡು ವರ್ಷಗಳಲ್ಲಿ ಬದಲಾಯಿಸುವುದನ್ನು ಕಂಡಿದ್ದೇನೆ.

90ರಿಂದ 105 ಮಿ.ಮೀ. ವರೆಗಿನವು ಎರಡನೆಯ ಗುಂಪು. ಟ್ಯಾಮ್ರಾನ್ 90, ಕ್ಯಾನನ್ 100, ನಿಕಾನ್ 105 ಮೊದಲಾದ ಹೆಸರಾಂತ ಲೆನ್ಸ್‌ಗಳೆಲ್ಲ ಇಲ್ಲಿಯೇ ಬರುತ್ತವೆ. 1:1ರಲ್ಲಿ ಇವು ಸುಮಾರು 13ರಿಂದ 15 ಸೆಂ.ಮೀ. ಅಂತರವನ್ನು ಬಿಡುತ್ತವೆ, ವರ್ಧನೆಯನ್ನು ಅರ್ಧಕ್ಕಿಳಿಸಿದರೆ ಅಂತರ ಕಾಲು ಮೀಟರಿನ ಸುತ್ತಮುತ್ತಲಿಗೆ ಏರುತ್ತದೆ. ತೂಕ ಕೈಯಲ್ಲಿ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಯುವಷ್ಟೇ ಇರುತ್ತದೆ, ಮನೆಮಂದಿಯ ಭಾವಚಿತ್ರ ತೆಗೆಯಲೂ ಇವು ಸೊಗಸಾಗಿ ಒದಗುತ್ತವೆ. ಒಂದೇ ಒಂದು ಮ್ಯಾಕ್ರೋ ಲೆನ್ಸ್ ಕೊಳ್ಳುವ ಶಕ್ತಿಯಿರುವವರಿಗೆ ನಾನು ಹಿಂಜರಿಯದೆ ಈ ಗುಂಪನ್ನೇ ಸೂಚಿಸುತ್ತೇನೆ. ಇಷ್ಟು ವರ್ಷಗಳಲ್ಲಿ ಇವುಗಳಲ್ಲಿ ಮಸುಕಾದ ಚಿತ್ರ ಕೊಡುವ ಲೆನ್ಸ್ ಒಂದನ್ನೂ ಕಂಡಿಲ್ಲವಾದ್ದರಿಂದ ಕಂಪನಿ ಯಾವುದೆಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ನಿಮ್ಮ ಕ್ಯಾಮೆರಾಕ್ಕೆ ಹೊಂದುವ, ಕೈಗೆಟುಕುವ ಬೆಲೆಯ ಯಾವುದಾದರೂ ಸರಿ.

150ರಿಂದ 180 ಮಿ.ಮೀ. ವರೆಗಿನ ಮೂರನೆಯ ಗುಂಪು 20ರಿಂದ 25 ಸೆಂ.ಮೀ. ಅಂತರವನ್ನು ಕೊಡುತ್ತದೆ, ಜತೆಗೆ ಹಿನ್ನೆಲೆಯ ಕಡಿಮೆ ಭಾಗವನ್ನಷ್ಟೇ ಒಳಗೆ ಬಿಡುವುದರಿಂದ ಚಿಟ್ಟೆಯ ಹಿಂದಿನ ಹಸಿರು ಒಂದೇ ಬಣ್ಣವಾಗಿ ಕರಗುತ್ತದೆ. ಕೆರೆಯಂಚಿನ ಕಡ್ಡಿಯ ಮೇಲೆ ಕೂರುವ ಏರೋಪ್ಲೇನ್ ಚಿಟ್ಟೆಗಳಿಗೆ (ಡ್ರ್ಯಾಗನ್‌ಫ್ಲೈ) ಇದಕ್ಕಿಂತ ಹೊಂದುವ ಲೆನ್ಸ್ ಇಲ್ಲವೆಂದೇ ಹೇಳಬಹುದು. ಆದರೆ ತೂಕ ಒಂದು ಕಿಲೋ ದಾಟುತ್ತದೆ, ಕೈನಡುಕ ಚಿತ್ರದಲ್ಲಿ ಹೆಚ್ಚಾಗಿ ತೋರುತ್ತದೆ, ಮಳೆಕಾಡಿನ ಮಬ್ಬು ಬೆಳಕಿನಲ್ಲಿ ಸ್ಟ್ಯಾಂಡ್ ಇಲ್ಲದೆ ಇದನ್ನು ಬಳಸುವುದು ಕಷ್ಟ.

1:1ನ್ನು ದಾಟಿ ಹೋಗುವ ವಿಶೇಷ ಲೆನ್ಸ್‌ಗಳೂ ಇವೆ. ಕ್ಯಾನನ್‌ನ ಎಂಪಿ-ಇ 65 ಒಂದರಿಂದ ಐದು ಪಟ್ಟು ವರ್ಧನೆ ಕೊಡುತ್ತದೆ, ಆದರೆ 1:1ಕ್ಕಿಂತ ಕಡಿಮೆ ವರ್ಧನೆಯಲ್ಲಿ ಅದು ಫೋಕಸ್ ಮಾಡುವುದೇ ಇಲ್ಲ. ಎದುರಿಗೆ ಬರ್ಡ್‌ವಿಂಗ್ ಬಂದು ಕುಳಿತರೂ ಅದರ ಕಣ್ಣನ್ನೋ ರೆಕ್ಕೆಯ ಒಂದು ಚೂರನ್ನೋ ತೆಗೆಯಬಹುದಷ್ಟೆ. ಲಾವೋವಾ (Laowa) ಬ್ರಾಂಡಿನ 100 ಮಿ.ಮೀ. ಲೆನ್ಸ್ ಎರಡು ಪಟ್ಟಿನವರೆಗೆ ಹೋಗುತ್ತದೆ, ದೂರದ ವಸ್ತುಗಳಿಗೂ ಫೋಕಸ್ ಆಗುತ್ತದೆ. ಇರುವೆ, ನೆಗೆಯುವ ಜೇಡಗಳಲ್ಲೇ ಮನಸ್ಸು ನೆಟ್ಟವರಿಗೆ ಈ ಎರಡನೆಯದು ಹೆಚ್ಚು ಉಪಯುಕ್ತ.

ಟೆಲಿಫೋಟೋ ಇದ್ದವರಿಗೆ

ಹಕ್ಕಿಗಳ ಚಿತ್ರ ತೆಗೆಯುವವರ ಬಳಿ ಈಗಾಗಲೇ ಉದ್ದನೆಯ ಲೆನ್ಸ್ ಇರುತ್ತದೆ. ಕ್ಯಾನನ್‌ನ ಎರಡನೆಯ ಆವೃತ್ತಿಯ 100-400 ಮಿ.ಮೀ. ಲೆನ್ಸ್ 98 ಸೆಂ.ಮೀ. ಹತ್ತಿರಕ್ಕೆ ಫೋಕಸ್ ಮಾಡಿ 0.31 ಪಟ್ಟು ವರ್ಧನೆ ಕೊಡುತ್ತದೆ. ಫುಲ್ ಫ್ರೇಮ್‌ನಲ್ಲಿ ಅದು ಸುಮಾರು 116 ಮಿ.ಮೀ. ಅಗಲದ ಚೌಕಟ್ಟು, ಎಂದರೆ ಕಾಮನ್ ಮಾರ್ಮನ್ ರೆಕ್ಕೆ ಬಿಚ್ಚಿ ಕುಳಿತರೆ ಸುತ್ತ ಸ್ವಲ್ಪ ಹೂವಿನೊಂದಿಗೆ ಅಚ್ಚುಕಟ್ಟಾಗಿ ಹಿಡಿಸುವಷ್ಟು ಜಾಗ. ರಥಪುಷ್ಪದ ಗೊಂಚಲಿನಿಂದ ಮಕರಂದ ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುವ ಬರ್ಡ್‌ವಿಂಗ್‌ಗೆ, ಹಳ್ಳದ ಆಚೆ ದಡದಲ್ಲಿ ಕುಳಿತ ಚಿಟ್ಟೆಗಳಿಗೆ, ನೆರಳು ಕಂಡರೆ ಏಳುವ ಏರೋಪ್ಲೇನ್ ಚಿಟ್ಟೆಗಳಿಗೆ ಇದು ಮ್ಯಾಕ್ರೋ ಲೆನ್ಸಿಗಿಂತ ಹೆಚ್ಚು ಚಿತ್ರಗಳನ್ನು ದಕ್ಕಿಸಿಕೊಡುತ್ತದೆ. ಚಿಟ್ಟೆಯೊಂದನ್ನೇ ಬಯಸುವವರು, ಅದರಲ್ಲೂ ಜಾತಿಗಳನ್ನು ಗುರುತಿಸಿ ದಾಖಲಿಸುವ ಆಸೆಯವರು, ತಮ್ಮ ಟೆಲಿಫೋಟೋದ ಕನಿಷ್ಠ ಫೋಕಸ್ ದೂರವನ್ನು ಒಮ್ಮೆ ನೋಡಿಕೊಳ್ಳದೆ ಮ್ಯಾಕ್ರೋ ಲೆನ್ಸಿಗೆ ಹಣ ಹಾಕಬಾರದು. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ, ಅವುಗಳಲ್ಲಿ ಬಹಳಷ್ಟನ್ನು ಗುರುತಿಸಲು ರೆಕ್ಕೆಯ ಒಳಮೈ, ಹೊರಮೈ ಎರಡರ ಚಿತ್ರವೂ ಬೇಕು. ಚಿಟ್ಟೆ ರೆಕ್ಕೆ ಬಿಚ್ಚುವವರೆಗೆ ಅದನ್ನು ಕದಲಿಸದೆ ಕಾಯಲು ಒಂದು ಮೀಟರಿನ ಅಂತರ ದೊಡ್ಡ ಅನುಕೂಲ.

ಕಡಿಮೆ ಖರ್ಚಿನ ಮೂರು ದಾರಿಗಳು

ಹೊಸ ಲೆನ್ಸ್ ಕೊಳ್ಳದೆ ಇರುವ ಲೆನ್ಸನ್ನೇ ಹತ್ತಿರಕ್ಕೆ ಒಗ್ಗಿಸುವ ಮೂರು ಉಪಾಯಗಳಿವೆ: ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸಪ್ ಗಾಜು, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಎಕ್ಸ್‌ಟೆನ್ಷನ್ ಟ್ಯೂಬ್, ಮತ್ತು ಲೆನ್ಸನ್ನೇ ಹಿಂದುಮುಂದಾಗಿ ಜೋಡಿಸುವ ರಿವರ್ಸ್ ರಿಂಗ್. ಇವುಗಳಲ್ಲಿ ಯಾವುದು ಮೇಲು ಎಂಬ ವಾದ ಬಹಳ ಕಾಲದಿಂದ ನಡೆದಿದೆ. ನಿಮ್ಮ ಬಳಿ ಇರುವ ಲೆನ್ಸ್ ಉದ್ದನೆಯದೋ ಗಿಡ್ಡದೋ ಎಂದು ತಿಳಿದರೆ ಈ ವಾದ ಅಲ್ಲಿಗೇ ತೀರುತ್ತದೆ.

ಟ್ಯೂಬಿನಿಂದ ಹೆಚ್ಚುವ ವರ್ಧನೆಯನ್ನು ತಿಳಿಯಲು ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಬೇಕು. 12, 20, 36 ಮಿ.ಮೀ. ಟ್ಯೂಬುಗಳ ಸೆಟ್ಟಿನಲ್ಲಿ 36ರದ್ದನ್ನು 50 ಮಿ.ಮೀ. ಲೆನ್ಸಿಗೆ ಹಾಕಿದರೆ 0.72 ಪಟ್ಟು ಹೆಚ್ಚುತ್ತದೆ. ಮೂರನ್ನೂ ಸೇರಿಸಿ 68 ಮಿ.ಮೀ. ಮಾಡಿ 250 ಮಿ.ಮೀ. ಜೂಮಿಗೆ ಹಾಕಿದರೂ ಹೆಚ್ಚುವುದು 0.27 ಪಟ್ಟು ಮಾತ್ರ. ಕ್ಲೋಸಪ್ ಗಾಜಿನ ಲೆಕ್ಕ ಇದಕ್ಕೆ ವಿರುದ್ಧ. ಅದರ ಶಕ್ತಿಯನ್ನು ಕನ್ನಡಕದಂತೆಯೇ ಡಯಾಪ್ಟರ್‌ನಲ್ಲಿ ಹೇಳುತ್ತಾರೆ. ಆ ಸಂಖ್ಯೆಯನ್ನು ಮೀಟರಿನಲ್ಲಿ ಹೇಳಿದ ಸಂಗಮದೂರದಿಂದ ಗುಣಿಸಿದರೆ ವರ್ಧನೆ ಸಿಗುತ್ತದೆ. ರೇನಾಕ್ಸ್ ಕಂಪನಿಯ ಡಿಸಿಆರ್-150 ಎಂಬ ಗಾಜಿನ ಶಕ್ತಿ 4.8 ಡಯಾಪ್ಟರ್, ಅದನ್ನು 250 ಮಿ.ಮೀ. ಜೂಮಿಗೆ ಹಾಕಿದರೆ ಸುಮಾರು 1.2 ಪಟ್ಟು, ಅದೇ ಗಾಜನ್ನು 50 ಮಿ.ಮೀ. ಲೆನ್ಸಿಗೆ ಹಾಕಿದರೆ ಕಾಲು ಪಟ್ಟಿಗಿಂತ ಕಡಿಮೆ. ಅಂದರೆ ಗಿಡ್ಡ ಲೆನ್ಸಿಗೆ ಟ್ಯೂಬು, ಉದ್ದ ಲೆನ್ಸಿಗೆ ಗಾಜು.

ಇವೆರಡರ ನಡುವೆ ಚಿಟ್ಟೆಯ ಬೆನ್ನು ಹತ್ತುವವರಿಗೆ ಗಾಜಿನ ಕಡೆಗೇ ನನ್ನ ಒಲವು, ಅದಕ್ಕೆ ಕಾರಣ ಮತ್ತೆ ಅಂತರವೇ. ಜೂಮ್ ಲೆನ್ಸನ್ನು ಅನಂತ ದೂರಕ್ಕೆ ಫೋಕಸ್ ಮಾಡಿಟ್ಟಾಗ 4.8 ಡಯಾಪ್ಟರ್ ಗಾಜು ಸುಮಾರು 21 ಸೆಂ.ಮೀ. ದೂರದಲ್ಲಿ ಸ್ಪಷ್ಟ ಬಿಂಬ ಕೊಡುತ್ತದೆ, ಮತ್ತು ಜೂಮ್ ಹಿಂದೆಮುಂದೆ ಮಾಡಿದರೂ ಈ ದೂರ ಬಹುಮಟ್ಟಿಗೆ ಬದಲಾಗುವುದಿಲ್ಲ. ಕ್ಯಾಮೆರಾದೊಂದಿಗೆ ಬಂದ 55-250 ಅಥವಾ 70-300ರಂಥ ಸಾಮಾನ್ಯ ಜೂಮಿನಲ್ಲಿಯೇ 180 ಮಿ.ಮೀ. ಮ್ಯಾಕ್ರೋ ಲೆನ್ಸಿಗೆ ಸಮೀಪದ ಅಂತರ, 1:1ನ್ನು ದಾಟುವ ವರ್ಧನೆ ಎರಡೂ ಸಿಗುತ್ತವೆ, ಬೆಳಕೂ ಹೆಚ್ಚು ನಷ್ಟವಾಗುವುದಿಲ್ಲ. ಡಿಸಿಆರ್-250 ಎಂಬುದು 8 ಡಯಾಪ್ಟರ್‌ನದು. ವರ್ಧನೆ ಹೆಚ್ಚು, ಆದರೆ ಅಂತರ 12.5 ಸೆಂ.ಮೀ.ಗೆ ಇಳಿಯುತ್ತದೆ, ಆದ್ದರಿಂದ ಮೊದಲ ಖರೀದಿಗೆ 150ನೇ ವಾಸಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಒಂದೇ ಗಾಜಿನಿಂದ ಮಾಡಿದ, ಮೂರು ನಾಲ್ಕರ ಕಟ್ಟಾಗಿ ಬಹಳ ಅಗ್ಗಕ್ಕೆ ಮಾರುವ ಕ್ಲೋಸಪ್ ಫಿಲ್ಟರುಗಳು ರೆಕ್ಕೆಯಂಚಿನಲ್ಲಿ ನೇರಳೆ, ಹಸಿರು ಬಣ್ಣದ ಗೆರೆಗಳನ್ನು ಮೂಡಿಸುತ್ತವೆ. ಎರಡು ಅಥವಾ ಹೆಚ್ಚು ಗಾಜುಗಳನ್ನು ಸೇರಿಸಿ ಬಣ್ಣದ ದೋಷವನ್ನು ತಿದ್ದಿರುವ ಗಾಜನ್ನೇ ಕೊಳ್ಳಬೇಕು.

ಟ್ಯೂಬಿನೊಳಗೆ ಗಾಜೇ ಇಲ್ಲದಿರುವುದರಿಂದ ಅಂಥ ದೋಷ ಬರುವುದಿಲ್ಲ. ಆದರೆ ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ಟ್ಯೂಬ್ ಕೊಂಡರೆ ಅಪರ್ಚರ್ (ಬೆಳಕನ್ನು ಒಳಬಿಡುವ ಲೆನ್ಸಿನ ಕಿಂಡಿ), ಆಟೋಫೋಕಸ್ ಎರಡರ ನಿಯಂತ್ರಣವೂ ತಪ್ಪುತ್ತದೆ, ಅಪರ್ಚರ್ ಕೈತಪ್ಪಿದರೆ ಸಮೀಪ ಛಾಯಾಗ್ರಹಣದಲ್ಲಿ ಅರ್ಧ ಕೆಲಸ ಕೆಟ್ಟಂತೆ. ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ. 50 ಮಿ.ಮೀ. ಲೆನ್ಸನ್ನು ಹಿಂದುಮುಂದು ಮಾಡಿದರೆ ಹೆಚ್ಚುಕಡಿಮೆ 1:1, 28 ಮಿ.ಮೀ. ಲೆನ್ಸಿನಲ್ಲಿ ಸುಮಾರು ಎರಡು ಪಟ್ಟು ದೊರೆಯುತ್ತದೆ, ಸ್ಪಷ್ಟತೆ ಅಚ್ಚರಿಯಾಗುವಷ್ಟು ಚೆನ್ನಾಗಿರುತ್ತದೆ. ಆದರೆ ಅಂತರ ಕೆಲವೇ ಸೆಂ.ಮೀ.ಗೆ ಇಳಿಯುತ್ತದೆ, ಲೆನ್ಸಿನ ಹಿಂಭಾಗ ಹೊರಮುಖವಾಗಿ ಧೂಳಿಗೂ ತುಂತುರಿಗೂ ಒಡ್ಡಿಕೊಳ್ಳುತ್ತದೆ. ನಾನು ಕಲಿತದ್ದು ಅಪರ್ಚರ್ ರಿಂಗ್ ಇರುವ ಹಳೆಯ 50 ಮಿ.ಮೀ. ಲೆನ್ಸನ್ನು ಹೀಗೆ ಹಿಂದುಮುಂದು ಮಾಡಿಕೊಂಡು. ಆ ವರ್ಷ ಒಂದೇ ಒಂದು ಚಿಟ್ಟೆಯ ಒಳ್ಳೆಯ ಚಿತ್ರವೂ ಸಿಗಲಿಲ್ಲ, ಆದರೆ ಚಗಳಿ ಇರುವೆಗಳು ಎಲೆ ಹೊಲಿಯುವುದನ್ನು, ಗುಲಗಂಜಿ ಹುಳು ಗಿಡದ ಹೇನನ್ನು ತಿನ್ನುವುದನ್ನು ಮನಸಾರೆ ನೋಡಿದೆ.

ಮೊಬೈಲ್ ಫೋನಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಗಲ ನೋಟದ ಲೆನ್ಸಿನಲ್ಲೇ ಆಟೋಫೋಕಸ್ ಇರುವ ಫೋನುಗಳು ಎರಡು ಮೂರು ಸೆಂ.ಮೀ. ಹತ್ತಿರಕ್ಕೂ ಫೋಕಸ್ ಮಾಡುತ್ತವೆ. ಸೆನ್ಸರ್ ಚಿಕ್ಕದಾದ್ದರಿಂದ ಸ್ಪಷ್ಟತೆಯ ಆಳ (ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಿ ಕಾಣುವಷ್ಟು ಜಾಗ) ಹೆಚ್ಚಿದ್ದು, ಹುಳುವಿನೊಂದಿಗೆ ಅದರ ಗಿಡವೂ ಕಾಣುವ ಚಿತ್ರಕ್ಕೆ ಇವು ಚೆನ್ನಾಗಿ ಒಪ್ಪುತ್ತವೆ. ಮ್ಯಾಕ್ರೋಗೆಂದೇ ಬೇರೆಯಾಗಿ ಕೊಟ್ಟಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಮಾತ್ರ ಹೆಸರಿಗಷ್ಟೇ ಇರುತ್ತದೆ, ಅದನ್ನು ನೋಡಿ ಫೋನ್ ಕೊಳ್ಳಬಾರದು.

ಬೆಳಕಿನ ಆಯ್ಕೆ

ಲೆನ್ಸಿಗೆ ಕೊಡುವ ಗಮನದ ಅರ್ಧದಷ್ಟನ್ನೂ ಜನ ಬೆಳಕಿಗೆ ಕೊಡುವುದಿಲ್ಲ ಎಂಬ ಬೇಸರ ನನಗೆ ಮೊದಲಿನಿಂದಲೂ ಇದೆ. ಹತ್ತಿರ ಹೋದಷ್ಟೂ ಸ್ಪಷ್ಟತೆಯ ಆಳ ಕುಗ್ಗುತ್ತದೆ: ಫುಲ್ ಫ್ರೇಮ್‌ನಲ್ಲಿ 1:1 ವರ್ಧನೆಗೆ ಎಫ್/8ರಲ್ಲಿ ಸುಮಾರು 1 ಮಿ.ಮೀ., ಎಫ್/11ರಲ್ಲಿ 1.3 ಮಿ.ಮೀ. ಮಾತ್ರ ಸ್ಪಷ್ಟವಾಗಿರುತ್ತದೆ. ಹಾಗೆಂದು ಅಪರ್ಚರನ್ನು ಎಫ್/22ರವರೆಗೆ ಮುಚ್ಚಿಬಿಟ್ಟರೆ ವಿವರ್ತನೆಯಿಂದ (ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮಂಕಾಗುತ್ತದೆ, ಏಕೆಂದರೆ 1:1ರಲ್ಲಿ ಎಫ್/11 ಎಂದು ಹೊಂದಿಸಿದ ಸಾಮಾನ್ಯ ಲೆನ್ಸ್ ಎಫ್/22ರಂತೆಯೇ ವರ್ತಿಸುತ್ತಿರುತ್ತದೆ. ಹೀಗೆ ಎಫ್/8ರಿಂದ ಎಫ್/13ರ ನಡುವೆ ಕಟ್ಟಿಹಾಕಿಸಿಕೊಂಡಾಗ ಶಟರ್ ವೇಗಕ್ಕೆ ಬೇಕಾದ ಬೆಳಕು ಕಾಡಿನ ನೆರಳಿನಲ್ಲಿ ಸಿಗುವುದೇ ಇಲ್ಲ. ಅಂದಹಾಗೆ, ಚಿಕ್ಕ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾ ಇರುವವರು ಕೊರಗಬೇಕಾಗಿಲ್ಲ. ಅದೇ ಕೀಟವನ್ನು ಅಷ್ಟೇ ತುಂಬುವಂತೆ ತೆಗೆದರೆ ಅಷ್ಟೇ ಅಪರ್ಚರಿನಲ್ಲಿ ಅವರಿಗೆ ಹೆಚ್ಚು ಆಳ ದೊರೆಯುತ್ತದೆ.

ಸಹಜ ಬೆಳಕೋ ಫ್ಲ್ಯಾಶೋ ಎಂಬುದನ್ನು ಜೀವಿಯನ್ನು ನೋಡಿ ನಿರ್ಧರಿಸುವುದು ಮೇಲು. ಚಿಟ್ಟೆಗೆ ಬೆಳಗಿನ ಬಿಸಿಲೇ ಚೆಂದ. ಮಲಬಾರ್ ಬ್ಯಾಂಡೆಡ್ ಪೀಕಾಕ್‌ನಂಥ ಚಿಟ್ಟೆಯ ರೆಕ್ಕೆಯ ಹೊಳಪು ವರ್ಣದ್ರವ್ಯದಿಂದ ಬಂದದ್ದಲ್ಲ, ರೆಕ್ಕೆಯ ಹುರುಪೆಗಳ ಸೂಕ್ಷ್ಮ ರಚನೆಯಿಂದ ಬಂದದ್ದು. ಬೆಳಕು ಬೀಳುವ ಕೋನ ಬದಲಾದಂತೆ ನೀಲಿ, ಹಸಿರು ಬದಲಾಗುವ ಆ ಸೊಬಗನ್ನು ನೇರ ಫ್ಲ್ಯಾಶ್ ಬಹಳಷ್ಟು ಸಲ ಕೆಡಿಸುತ್ತದೆ. ಮೇಲಾಗಿ ಫ್ಲ್ಯಾಶಿನ ಬೆಳಕು ದೂರ ಹೋದಂತೆ ಬೇಗನೆ ಕುಂದುವುದರಿಂದ ಹಿನ್ನೆಲೆ ಕಪ್ಪಾಗಿ, ಹಗಲಿನ ಚಿಟ್ಟೆ ರಾತ್ರಿಯಲ್ಲಿ ಕುಳಿತಂತೆ ಕಾಣುತ್ತದೆ. 1:1 ಮತ್ತು ಅದಕ್ಕೂ ಮೇಲೆ, ಇರುವೆ, ಜೇನು, ಸೂರ್ಯನ ಕುದುರೆಯ ಮುಖ ಇಂಥವಕ್ಕೆ ಫ್ಲ್ಯಾಶ್ ಇಲ್ಲದೆ ಆಗದು. ಕಡಿಮೆ ಶಕ್ತಿಯಲ್ಲಿ ಅದರ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಬಹಳ ಕಡಿಮೆ ಹೊತ್ತು ಇರುವುದರಿಂದ ಕೈನಡುಕವನ್ನೂ ಎಲೆಯ ಅಲುಗಾಟವನ್ನೂ ಅದೇ ನಿಲ್ಲಿಸುತ್ತದೆ. ಲೆನ್ಸಿನ ಸುತ್ತ ಕೂರುವ ರಿಂಗ್ ಫ್ಲ್ಯಾಶ್ ಸುಲಭವಾದರೂ ಬೆಳಕನ್ನು ಚಪ್ಪಟೆ ಮಾಡುತ್ತದೆ, ನುಣುಪಾದ ಜೀರುಂಡೆಯ ಬೆನ್ನಿನ ಮೇಲೆ ಬಳೆಯಾಕಾರದ ಪ್ರತಿಬಿಂಬ ಮೂಡಿಸುತ್ತದೆ. ಸಾಧಾರಣ ಫ್ಲ್ಯಾಶ್ ಒಂದನ್ನು ಕ್ಯಾಮೆರಾದ ಮೇಲಿಟ್ಟು, ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಫೋಮ್ ಹಾಳೆಯ ಅಗಲವಾದ ಡಿಫ್ಯೂಸರನ್ನು ಕೀಟದ ತಲೆಯ ಮೇಲಕ್ಕೆ ಚಾಚುವಂತೆ ಕಟ್ಟಿಕೊಂಡರೆ ಅದಕ್ಕಿಂತ ಎಷ್ಟೋ ಮೃದುವಾದ ಬೆಳಕು ಬರುತ್ತದೆ. ಹಣ ಮಿತವಾಗಿದ್ದರೆ ದುಬಾರಿ ಮ್ಯಾಕ್ರೋ ಲೆನ್ಸಿಗಿಂತ ಮೊದಲು ಫ್ಲ್ಯಾಶ್ ಮತ್ತು ಒಂದು ಕ್ಲೋಸಪ್ ಗಾಜನ್ನು ಕೊಳ್ಳುವುದು ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ರೈಪಾಡೋ ಬರಿಗೈಯೋ ಎಂಬ ಪ್ರಶ್ನೆಯನ್ನು ಗಾಳಿಯೇ ತೀರ್ಮಾನಿಸುತ್ತದೆ. ಸೂರ್ಯ ಏಳುವ ಮುಂಚೆ, ಮೈಮೇಲೆ ಇಬ್ಬನಿ ಹೊತ್ತು ಹುಲ್ಲಿಗೆ ಜೋತುಬಿದ್ದ ಏರೋಪ್ಲೇನ್ ಚಿಟ್ಟೆಗಳು ಮೈ ಬೆಚ್ಚಗಾಗದೆ ಹಾರಲಾರವು. ಆಗ ಟ್ರೈಪಾಡ್ ಹೂಡಿ, ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತಿಪ್ಪತ್ತು ಚಿತ್ರ ತೆಗೆದು ಒಂದಾಗಿ ಜೋಡಿಸಬಹುದು. ಬಿಸಿಲೇರಿದ ಮೇಲೆ ಟ್ರೈಪಾಡ್ ಬಿಚ್ಚುವಷ್ಟರಲ್ಲಿ ಚಿಟ್ಟೆ ಹೋಗಿರುತ್ತದೆ. ಆಗ ನೆಲಕ್ಕೂರಿದ ಕೋಲೊಂದನ್ನು ಎಡಗೈಯಲ್ಲಿ ಹಿಡಿದು ಅದೇ ಕೈಗೆ ಲೆನ್ಸನ್ನು ಆನಿಸಿಕೊಳ್ಳುವುದು ನನಗೆ ಮೋನೋಪಾಡಿಗಿಂತ ಹೊಂದಿದೆ. ಒದ್ದೆ ಮರಳಿನ ಮೇಲಿನ ಚಿಟ್ಟೆಗಳಿಗೆ, ಅಕ್ಕಿ ಅಥವಾ ಕಾಳು ತುಂಬಿದ ಬಟ್ಟೆಯ ಚೀಲದ ಮೇಲೆ ಕ್ಯಾಮೆರಾ ಇಟ್ಟು ಮಲಗಿಬಿಡುವುದೇ ಸರಿ; ಚಿಟ್ಟೆಯ ಕಣ್ಣಿನ ಎತ್ತರಕ್ಕೆ ಇಳಿದಾಗ ಸಿಗುವ ಚಿತ್ರ ಮೇಲಿನಿಂದ ಬಗ್ಗಿ ತೆಗೆದದ್ದಕ್ಕಿಂತ ಬೇರೆಯೇ ಆಗಿರುತ್ತದೆ. ಕೀಟ ಅಲುಗದಿರಲೆಂದು ಅದನ್ನು ಫ್ರಿಜ್ಜಿನಲ್ಲಿಟ್ಟು ತಂಪು ಮಾಡುವವರಿದ್ದಾರೆ, ಈಶ್ವರಿ ಬಳ್ಳಿಯನ್ನು ಮರಿಹುಳುವಿನ ಸಮೇತ ಕಿತ್ತು ಬೆಳಕಿಗೆ ತರುವವರಿದ್ದಾರೆ. ಇಂಥ ಚಿತ್ರ ಎಷ್ಟು ಸುಂದರವಾಗಿದ್ದರೂ ನನಗೆ ನೋಡಲಾಗದು. ಹಲವು ಚಿಟ್ಟೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಇವೆ ಎಂಬುದನ್ನೂ ನೆನಪಿಡಬೇಕು.

ಹೊಸದೋ ಹಳೆಯದೋ

ಮ್ಯಾಕ್ರೋ ಲೆನ್ಸ್‌ಗಳನ್ನು ಬಳಸಿದವರಿಂದ ಕೊಳ್ಳುವುದು ಒಳ್ಳೆಯ ದಾರಿ, ಏಕೆಂದರೆ ಹತ್ತಿರದ ಕೆಲಸದಲ್ಲಿ ಫೋಕಸನ್ನು ಕೈಯಲ್ಲೇ ಹೊಂದಿಸುವುದು ಹೆಚ್ಚು, ಹಳೆಯ ಲೆನ್ಸಿನ ನಿಧಾನದ ಆಟೋಫೋಕಸ್ ಅಡ್ಡಿಯಾಗುವುದು ಕಡಿಮೆ. ಆದರೆ ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದ ಲೆನ್ಸಾದರೆ ಒಳಗಿನ ಗಾಜಿಗೆ ಬೂಷ್ಟು ಹಿಡಿದಿದೆಯೇ ಎಂದು ನೋಡದೆ ಹಣ ಕೊಡಬಾರದು. ಅಪರ್ಚರನ್ನು ಪೂರ್ತಿ ತೆರೆದು, ಒಂದು ತುದಿಯಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಜೇಡನ ಬಲೆಯಂಥ ಎಳೆಗಳು ತಟ್ಟನೆ ಕಾಣುತ್ತವೆ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಎಳೆಗಳು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಕೊಂಡ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಪೊಟ್ಟಣಗಳನ್ನು ಆಗಾಗ ಒಣಗಿಸುತ್ತ, ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರತೆಗೆದು ಬಳಸಬೇಕು.